ಬಾಯಾರಿದ ಕಾವೇರಿಗೆ ಗಿಟಾರಿನ ದನಿ

ಬನಶಂಕರಿಯ ಮನೆಗಳಿಗೆ ಬರುವ ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹೊರಡುತ್ತದೆ. ಹಾರೋಹಳ್ಳಿಯಲ್ಲಿ ಒಮ್ಮೆ, ತಾತಗುಣಿಯಲ್ಲಿ ಮತ್ತೊಮ್ಮೆ ಪಂಪುಗಳು ಅದನ್ನು ಮೇಲಕ್ಕೆತ್ತುತ್ತವೆ. ಹೀಗೆ ಸುಮಾರು 100 ಕಿಲೋಮೀಟರ್ ದಾರಿ ಸವೆಸಿ ಕನಕಪುರ ರಸ್ತೆಯ ಕಡೆಯಿಂದ ನದಿ ಬೆಂಗಳೂರು ಸೇರುತ್ತದೆ. 1974ರಲ್ಲಿ ಮೊದಲ ಹಂತ ಮುಗಿದಾಗಿನಿಂದ ನಗರ ಈ ನೀರನ್ನು ಕುಡಿಯುತ್ತಿದೆ. ಕಾವೇರಿಯನ್ನು ಕುರಿತು ಭಕ್ತಿಗೀತೆಗಳಿಗೇನೂ ಬರವಿಲ್ಲ, ಘೋಷಣೆಗಳಿಗಂತೂ ಇಲ್ಲವೇ ಇಲ್ಲ. ಆದರೆ ನದಿಗೂ ದಾಹವಾಗಬಹುದು, ಅದನ್ನು ಕೇಳುವವರು ಯಾರು ಎಂಬ ಪ್ರಶ್ನೆಯನ್ನು ಎಲೆಕ್ಟ್ರಿಕ್ ಗಿಟಾರಿನ ಅಬ್ಬರದ ನಡುವೆ ಎತ್ತಿದ್ದು ‘ಸ್ವರಾತ್ಮ’ ಎಂಬ ತಂಡ. ಆ ಹಾಡಿನ ಹೆಸರು ‘ಪ್ಯಾಸಿ’, ಎಂದರೆ ಬಾಯಾರಿದವಳು.

ಸ್ವರಾತ್ಮದ ಮುಂದಾಳು ವಾಸು ದೀಕ್ಷಿತ್. ಹಾಡುಗಾರಿಕೆ ಮತ್ತು ರಿದಂ ಗಿಟಾರ್ ಎರಡೂ ಅವರದೇ. ಬೆಳೆದದ್ದು ಮೈಸೂರಿನಲ್ಲಿ. ಶರೀಫರ ಪದಗಳನ್ನು ಗಿಟಾರಿಗೆ ಒಗ್ಗಿಸಿ ಹೆಸರಾದ ರಘು ದೀಕ್ಷಿತ್ ಇವರ ಅಣ್ಣ. ತಂಡ ಮೈಸೂರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬಲಿಯಿತು. 2006ರಲ್ಲಿ ಬೆಂಗಳೂರಿನ ಎಫ್‌ಎಂ ಬಾನುಲಿಯೊಂದು ನಡೆಸಿದ ಸ್ಪರ್ಧೆ ಗೆದ್ದದ್ದು ಅದರ ಮೊದಲ ದೊಡ್ಡ ಮೆಟ್ಟಿಲು. ಜಿಷ್ಣು ದಾಸ್‌ಗುಪ್ತಾ ಅವರ ಬೇಸ್, ವರುಣ್ ಮುರಳಿ ಅವರ ಲೀಡ್ ಗಿಟಾರ್, ಸಂಜೀವ್ ನಾಯಕ್ ಅವರ ಪಿಟೀಲು ಸೇರಿ ಜಾನಪದವೂ ರಾಕೂ ಒಂದೇ ಉಸಿರಿನಲ್ಲಿ ಬರುವ ಶೈಲಿ ರೂಪುಗೊಂಡಿತು. ವಾಸು ವೇದಿಕೆಗೆ ಬರುತ್ತಿದ್ದ ರೀತಿಯೂ ವಿಚಿತ್ರ: ಸೊಂಟಕ್ಕೆ ಬಣ್ಣದ ಕುದುರೆ ಕಟ್ಟಿಕೊಂಡು! ನಮ್ಮ ಜಾತ್ರೆ, ಮೆರವಣಿಗೆಗಳ ಕೀಲುಕುದುರೆಯನ್ನು ಬಲ್ಲವರಿಗೆ ಅದರ ಮೂಲ ಹುಡುಕುವುದೇನೂ ಕಷ್ಟವಲ್ಲ.

ಇದಕ್ಕೆ ಮುಂಚೆ ಬೆಂಗಳೂರಿನ ರಾಕ್ ಸಂಗೀತ ಬಹುಮಟ್ಟಿಗೆ ದಂಡು ಪ್ರದೇಶದ ಸೊತ್ತಾಗಿತ್ತು. ಬಸವನಗುಡಿ, ಜಯನಗರ, ಬನಶಂಕರಿಗಳಿಗೆ ರಾಮನವಮಿಯ ಕಛೇರಿ, ಹರಿಕಥೆ, ಸುಗಮ ಸಂಗೀತ. ಅತ್ತ ದಂಡಿನ ಕಡೆ ಇಂಗ್ಲಿಷ್ ಹಾಡು, ಗಿಟಾರು, ಡ್ರಮ್ಸು. ಐರನ್ ಮೇಡನ್ 2007ರಲ್ಲಿ, ಮೆಟಾಲಿಕಾ 2011ರಲ್ಲಿ ಅರಮನೆ ಮೈದಾನಕ್ಕೆ ಬಂದಾಗ ಕಪ್ಪು ಅಂಗಿಯ ಹುಡುಗರ ಸಾಗರವೇ ನೆರೆಯಿತು. ಅವರಲ್ಲಿ ಅದೆಷ್ಟೋ ಮಂದಿ ದಕ್ಷಿಣ ಬೆಂಗಳೂರಿನ ಮನೆಗಳಲ್ಲಿ ಬೆಳೆದ ಕನ್ನಡದ ಮಕ್ಕಳೇ. ಕೇಳುವವರು ಇಲ್ಲಿಯವರಾದರೂ ಹಾಡಿನ ಕಷ್ಟಸುಖ ಮಾತ್ರ ಬೇರೆಲ್ಲಿಯದೋ. ಸ್ವರಾತ್ಮ ಈ ಅಂತರಕ್ಕೆ ಕೈಹಾಕಿತು.

‘ಪ್ಯಾಸಿ’ ಹಾಡಿನ ಹಿಂದಿರುವ ಇತಿಹಾಸ ಸಣ್ಣದಲ್ಲ. ಮೈಸೂರು ಮತ್ತು ಮದರಾಸುಗಳ ನಡುವೆ 1892ರಲ್ಲಿ ಒಂದು, 1924ರಲ್ಲಿ ಇನ್ನೊಂದು ಒಪ್ಪಂದವಾದವು. 1991ರ ಜೂನ್‌ನಲ್ಲಿ ನ್ಯಾಯಮಂಡಳಿ ತಮಿಳುನಾಡಿಗೆ 205 ಟಿಎಂಸಿ ನೀರು ಬಿಡುವಂತೆ ಮಧ್ಯಂತರ ಆದೇಶ ನೀಡಿತು. ಆ ಡಿಸೆಂಬರ್‌ನಲ್ಲಿ ಬೆಂಗಳೂರು ಹೊತ್ತಿ ಉರಿಯಿತು. ತಮಿಳರ ಮನೆ, ಅಂಗಡಿಗಳ ಮೇಲೆ ದಾಳಿಗಳಾದವು. ಎಷ್ಟೋ ಕುಟುಂಬಗಳು ಊರು ಬಿಟ್ಟವು. 2007ರ ಫೆಬ್ರವರಿ 5ರಂದು ಅಂತಿಮ ತೀರ್ಪು ಬಂದಾಗ ತಮಿಳುನಾಡಿಗೆ 419, ಕರ್ನಾಟಕಕ್ಕೆ 270 ಟಿಎಂಸಿ ಎಂಬ ಲೆಕ್ಕ ಮತ್ತೆ ಬೀದಿಗೆ ಬಂತು. ಆ ಬಿಸಿ ಪೂರ್ತಿ ಆರುವ ಮೊದಲೇ, 2009ರಲ್ಲಿ, ತಂಡದ ಮೊದಲ ಆಲ್ಬಂ ಹೊರಬಂತು. ಅದರಲ್ಲಿ ‘ಪ್ಯಾಸಿ’ ಇತ್ತು. ಕರ್ನಾಟಕದ ಕಲಾವಿದನೊಬ್ಬ ಕಾವೇರಿಯ ವಿಷಯದಲ್ಲಿ ಬಾಯಿ ತೆರೆದರೆ ಯಾವ ಪಕ್ಷ ಎಂಬ ಪ್ರಶ್ನೆ ಮೊದಲು ಬರುತ್ತದೆ. ಚಿತ್ರರಂಗದ ತಾರೆಯರು ಇದನ್ನು ಚೆನ್ನಾಗಿ ಬಲ್ಲರು. ಈ ತಂಡ ನದಿಯ ಪಕ್ಷ ಎಂದಿತು. ಜಾಣತನದ ಉತ್ತರ ಎಂದು ಬೇಕಾದರೆ ಅನ್ನಬಹುದು, ಆದರೆ ಸುಲಭದ ಉತ್ತರವಂತೂ ಅಲ್ಲ.

ಮೂರು ವರ್ಷಗಳ ನಂತರ, 2012ರಲ್ಲಿ, ‘ಟೋಪಿವಾಲೆ’ ಬಂತು. ‘ಟೋಪಿ ಹಾಕುವುದು’ ಎಂದರೇನೆಂದು ಕನ್ನಡಿಗರಿಗೆ ಯಾರೂ ಅರ್ಥ ಹೇಳಬೇಕಿಲ್ಲ. ಹಾಡಿನ ಗುರಿ ಭ್ರಷ್ಟ ರಾಜಕಾರಣಿಗಳು. ಕಾಲವೂ ಹಾಗೆಯೇ ಇತ್ತು: 2011ರಲ್ಲಿ ಅಣ್ಣಾ ಹಜಾರೆಯವರ ಉಪವಾಸ, ಅದೇ ವರ್ಷ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಗಣಿ ವರದಿ, ಅದರ ಬೆನ್ನಲ್ಲೇ ಮುಖ್ಯಮಂತ್ರಿ ಯಡಿಯೂರಪ್ಪನವರ ರಾಜೀನಾಮೆ. ಆಲ್ಬಂನ ಇನ್ನೊಂದು ಹಾಡು ‘ಘುಮ್’ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ಕುರಿತದ್ದು. ಮನೆಯೊಳಗೇ ಮುಚ್ಚಿಡುವ ಇಂಥ ಸಂಗತಿಯನ್ನು ವೇದಿಕೆಗೆ ತರುವುದು ಮಂತ್ರಿಗಳನ್ನು ಗೇಲಿ ಮಾಡುವುದಕ್ಕಿಂತ ಹೆಚ್ಚು ಎದೆಗಾರಿಕೆ ಬೇಡುವ ಕೆಲಸ.

ಹಾಡು ರಾಜಕೀಯವಾಗುವುದು ಕನ್ನಡಕ್ಕೇನೂ ಹೊಸದಲ್ಲ. 1975ರಲ್ಲಿ ಹುಟ್ಟಿದ ‘ಸಮುದಾಯ’ ಬೀದಿಯಲ್ಲಿ ಹಾಡಿತು, ಆಡಿತು. ಸಿದ್ಧಲಿಂಗಯ್ಯನವರ ಹಾಡುಗಳು ದಲಿತ ಸಂಘರ್ಷ ಸಮಿತಿಯ ಜಾಥಾಗಳ ಜತೆಗೆ ಹಳ್ಳಿ ಹಳ್ಳಿ ತಿರುಗಿದವು. ಅಲ್ಲಿದ್ದದ್ದು ತಮಟೆ, ಮೈಕು ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ಹೊರಗಿನ ಜಗತ್ತಿನಲ್ಲಿ ಆ ಕೆಲಸವನ್ನು ಗಿಟಾರ್ ಮಾಡಿದೆ. ಚಿಲಿಯ ವಿಕ್ಟರ್ ಹಾರಾ 1973ರ ಸೇನಾ ದಂಗೆಯ ದಿನಗಳಲ್ಲಿ ಸಾಂಟಿಯಾಗೋ ನಗರದ ಕ್ರೀಡಾಂಗಣವೊಂದರಲ್ಲಿ ಬಂದಿಯಾಗಿ ಪ್ರಾಣ ತೆತ್ತರು. ಅಮೆರಿಕದ ಟಾಮ್ ಮೊರೆಲೊ ಹಾರ್ವರ್ಡ್‌ನಲ್ಲಿ ಓದಿ 1986ರಲ್ಲಿ ಪದವಿ ಪಡೆದವರು. ‘ನಿರ್ಗತಿಕರ ಕೈಗೆ ಆಯುಧ ಕೊಡಿ’ ಎಂಬ ಅರ್ಥದ ಮಾತನ್ನು ತಮ್ಮ ಗಿಟಾರಿನ ಮೇಲೇ ಬರೆದುಕೊಂಡವರು. ಇವರ ಪಕ್ಕದಲ್ಲಿ ಸ್ವರಾತ್ಮದ ದನಿ ಮೆದುವಾಗಿಯೇ ಕೇಳಿಸುತ್ತದೆ. ಅದು ಗುಡುಗುವುದಕ್ಕಿಂತ ಕುಟುಕುತ್ತದೆ, ನಗಿಸುತ್ತದೆ, ಕುದುರೆ ಕುಣಿಸುತ್ತದೆ.

ತಂಡದ ಮೇಲೆ ಹೊರಿಸಬಹುದಾದ ದೊಡ್ಡ ಆಕ್ಷೇಪ ಭಾಷೆಯದು. ಮೊದಲ ಆಲ್ಬಂನಲ್ಲಿ ‘ಈ ಭೂಮಿ’ಯಂಥ ಕನ್ನಡ ಹಾಡಿದ್ದರೂ ಹೆಚ್ಚಿನವು ಹಿಂದಿಯವು. ಕಾವೇರಿಯ ಅಳಲೂ ಹಿಂದಿಯಲ್ಲೇ. ದೇಶದ ಎಲ್ಲ ಕಡೆ ಕಛೇರಿ ನಡೆಸುವ ತಂಡಕ್ಕೆ ಇದು ಅನಿವಾರ್ಯವಿದ್ದೀತು. ಕನ್ನಡ, ತಮಿಳು ಎರಡನ್ನೂ ಬಿಟ್ಟು ಮೂರನೆಯ ಭಾಷೆಯಲ್ಲಿ ಹಾಡಿದ್ದರಿಂದ ಜಗಳದ ಕಾವು ತಗ್ಗಿತು ಎಂದೂ ವಾದಿಸಬಹುದು. ಆದರೆ ಮಂಡ್ಯದ ಕಬ್ಬಿನ ಗದ್ದೆಯವನಿಗೂ ತಂಜಾವೂರಿನ ಭತ್ತದ ಗದ್ದೆಯವನಿಗೂ ಆ ಹಾಡು ತಲುಪಲಿಲ್ಲ. ತಲುಪಿದ್ದು ಕಾಲೇಜು ಹುಡುಗರನ್ನು, ಕಂಪ್ಯೂಟರ್ ಕಂಪನಿಗಳ ನೌಕರರನ್ನು. ಅವರೂ ಆ ನೀರನ್ನೇ ಕುಡಿಯುವವರು ಎಂಬುದು ನಿಜವೇ.

2016ರ ಸೆಪ್ಟೆಂಬರ್ 12ರಂದು ಬೆಂಗಳೂರು ಮತ್ತೆ ಉರಿಯಿತು. ಬನಶಂಕರಿ ಮೂರನೇ ಹಂತಕ್ಕೆ ದೂರವಲ್ಲದ ಡಿಸೋಜಾ ನಗರದಲ್ಲಿ ನಿಂತಿದ್ದ ಹತ್ತಾರು ಖಾಸಗಿ ಬಸ್ಸುಗಳು ಸುಟ್ಟು ಬೂದಿಯಾದವು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲಿಗೆ 14.75 ಟಿಎಂಸಿ ಸೇರಿಸಿತು, ಅದರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ. ಸ್ವರಾತ್ಮದ ಮೂರನೇ ಆಲ್ಬಂ ‘ರಾಹ್‌-ಎ-ಫಕೀರಾ’ ಬಂದದ್ದೂ ಅದೇ ವರ್ಷ. ಫಕೀರನ ದಾರಿ ಎಂದು ಅದರ ಅರ್ಥ.