ಶಾಪದ ಕಥೆ ಸಾಕು, ಆಸ್ಪತ್ರೆಯ ಕಥೆ ಕೇಳಿ

ದಸರಾ ಬಂತು ಅಂದ್ರೆ ನಮ್ಮ ಚಾನೆಲ್‌ಗಳಿಗೆಲ್ಲ ಅಲಮೇಲಮ್ಮ ನೆನಪಾಗ್ತಾಳೆ. ಮರಳು ಮುಚ್ಚಿದ ತಲಕಾಡು, ಮಕ್ಕಳಿಲ್ಲದ ದೊರೆಗಳು, ಹಿನ್ನೆಲೆಯಲ್ಲೊಂದು ಭಯದ ಸಂಗೀತ. ಟಿಆರ್‌ಪಿಗೆ ಇಷ್ಟು ಸಾಕು. ನಾನು ಓದಿದ್ದು ಎಂಜಿನಿಯರಿಂಗ್. ಏನಾದರೂ ಕುಸಿದರೆ ಮೊದಲು ಕಾರಣ ಹುಡುಕು ಅಂತ ಅಲ್ಲಿ ಕಲಿಸ್ತಾರೆ. ಮೈಸೂರು ಅರಮನೆಯ ಸಾವುಗಳನ್ನೂ ಒಮ್ಮೆ ಹಾಗೇ ನೋಡೋಣ.

1894ರ ಡಿಸೆಂಬರ್. ಕಲ್ಕತ್ತಾಕ್ಕೆ ಹೋಗಿದ್ದ ಹತ್ತನೇ ಚಾಮರಾಜೇಂದ್ರ ಒಡೆಯರ್ ತೀರಿಕೊಂಡರು. ವಯಸ್ಸು ಬರೀ 31. ಕಾರಣ ಶಾಪ ಅಲ್ಲ, ಡಿಫ್ತೀರಿಯಾ ಅನ್ನೋ ಗಂಟಲುಮಾರಿ. ಹಿರಿಯ ಮಗ ಕೃಷ್ಣರಾಜನಿಗೆ ಆಗ 10 ವರ್ಷ. ಗಂಡ ಹೋದ ಹೆಣ್ಣು ಮೂಲೆ ಸೇರಬೇಕು ಅನ್ನುತ್ತಿದ್ದ ಕಾಲ ಅದು. ಅಂಥ ಕಾಲದಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ ರೀಜೆಂಟ್ ಆಗಿ ಸಂಸ್ಥಾನದ ಹೊಣೆ ಹೊತ್ತರು. 1902ರ ಆಗಸ್ಟ್‌ವರೆಗೆ ಹೊತ್ತರು.

ಆ ವರ್ಷಗಳು ಸುಲಭದ್ದಾಗಿರಲಿಲ್ಲ. 1897ರಲ್ಲಿ ಹಿರಿಮಗಳ ಮದುವೆಯ ಸಮಯದಲ್ಲೇ ಮರದ ಅರಮನೆ ಸುಟ್ಟುಹೋಯಿತು. ಮರುವರ್ಷ ಪ್ಲೇಗ್ ಬಂತು. ಅದೇ ಅವಧಿಯಲ್ಲಿ ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ವೇದಾವತಿಗೆ ಅಣೆಕಟ್ಟಿನ ಕೆಲಸ ಶುರುವಾಯಿತು. ಅದೇ ಇಂದಿನ ವಾಣಿವಿಲಾಸ ಸಾಗರ. 1902ರ ಜೂನ್‌ನಲ್ಲಿ ಶಿವನಸಮುದ್ರದ ವಿದ್ಯುತ್ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿ ತಲುಪಿತು.

'ಅದೆಲ್ಲ ದಿವಾನ್ ಶೇಷಾದ್ರಿ ಅಯ್ಯರ್ ಮಾಡಿದ್ದು, ರಾಣಿಯದ್ದೇನು?' ಅಂತ ಕೇಳೋರಿದ್ದಾರೆ. ನ್ಯಾಯವಾದ ಪ್ರಶ್ನೆ. ಯೋಜನೆ ದಿವಾನರದ್ದು, ಮೇಲೆ ಬ್ರಿಟಿಷರ ಕಣ್ಗಾವಲೂ ಇತ್ತು. ಆದರೆ ಎಳೆಯ ಮಗ ಸಿಂಹಾಸನದಲ್ಲಿದ್ದಾಗ ಅರಮನೆ ಅಡ್ಡಗಾಲು ಹಾಕಿದ್ದರೆ ಇದರಲ್ಲಿ ಯಾವುದೂ ಆಗುತ್ತಿರಲಿಲ್ಲ. ದೊಡ್ಡ ಕೆಲಸಕ್ಕೆ ಹೂಂ ಅನ್ನೋದೂ ಒಂದು ಕೆಲಸವೇ.

ಸಾವು ಮತ್ತೆ ಮನೆಗೆ ಬಂತು. ಮಗಳು ಕೃಷ್ಣಾಜಮ್ಮಣ್ಣಿ ಕ್ಷಯಕ್ಕೆ ಬಲಿಯಾದರು. ಮೈಸೂರಿನಲ್ಲಿ ಆಟೋದವರನ್ನು ಪಿಕೆಟಿಬಿ ಎಲ್ಲಿ ಅಂತ ಕೇಳಿ, ತಕ್ಷಣ ಹೇಳ್ತಾರೆ. ಆ ಅಕ್ಷರಗಳ ಹಿಂದಿರೋದು ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಅವರ ನೆನಪಿಗೆ ಕಟ್ಟಿದ ಕ್ಷಯ ಆಸ್ಪತ್ರೆ ಅದು. ಆಗ ಕ್ಷಯಕ್ಕೆ ಮದ್ದೇ ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ಅಲ್ಲಿಯವರೆಗೆ ಒಳ್ಳೆ ಗಾಳಿ, ಬೆಳಕು, ಊಟ, ವಿಶ್ರಾಂತಿ, ಇಷ್ಟೇ ಚಿಕಿತ್ಸೆ. ಗುಡಿಸಲಲ್ಲಿ ಕೆಮ್ಮುವವನಿಗೆ ಅದನ್ನೆಲ್ಲ ಯಾರು ಕೊಡಬೇಕು? ಮಗಳನ್ನು ಕಳೆದುಕೊಂಡ ಮನೆ ಆ ಪ್ರಶ್ನೆಗೆ ಒಂದು ಕಟ್ಟಡದಲ್ಲಿ ಉತ್ತರ ಕೊಟ್ಟಿತು.

ಹಾಗಂತ ಕಣ್ಣುಮುಚ್ಚಿ ಜೈಕಾರ ಹಾಕಬೇಕಿಲ್ಲ. ಖಜಾನೆಗೆ ಬಂದದ್ದು ರೈತನ ಕಂದಾಯ, ಗಣಿ ಕಾರ್ಮಿಕನ ಬೆವರು. ಹೊಸ ಅರಮನೆಗೂ ಆಗ 41 ಲಕ್ಷ ರೂಪಾಯಿಗಿಂತ ಹೆಚ್ಚು ಖರ್ಚಾಗಿದೆ. ಅದನ್ನು ಹೇಳದೆ ಇದನ್ನು ಮಾತ್ರ ಹೇಳಿದರೆ ಅದು ಇತಿಹಾಸ ಅಲ್ಲ, ಭಜನೆ.

ಆದರೂ ಒಂದು ಮಾತು. ಜಗತ್ತಿನಲ್ಲಿ ಅತಿ ಹೆಚ್ಚು ಕ್ಷಯರೋಗಿಗಳಿರುವ ದೇಶ ಇವತ್ತಿಗೂ ನಮ್ಮದೇ. ಈಗ ಮದ್ದಿದೆ, ಓಟಿದೆ, ನಾವೇ ಆರಿಸಿದ ಸರ್ಕಾರವಿದೆ. ರಾಜರಿಗೆ ಶಾಪ ತಟ್ಟಿತಾ ಅಂತ ಒಂದು ಗಂಟೆ ಚರ್ಚೆ ಮಾಡುವ ನಾವು, ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಕ್ಷಯದ ಮಾತ್ರೆ ಇದೆಯಾ ಅಂತ ಐದು ನಿಮಿಷ ಕೇಳಬಾರದಾ?