ಗಾಜಿನ ತೊಟ್ಟಿಗೆ ಬಂದ ಕೊಳವೆ ಮೀನು

ಕಡಲಕುದುರೆಯನ್ನು ಚಿತ್ರದಲ್ಲಾದರೂ ನೋಡದವರು ಕಡಿಮೆ. ಕುದುರೆಯಂಥ ಮೋರೆ, ಸುರುಳಿ ಬಾಲ, ಗಂಡಿನ ಹೊಟ್ಟೆಯ ಚೀಲದಲ್ಲಿ ಮರಿಗಳು ಇವೆಲ್ಲ ಪಠ್ಯಪುಸ್ತಕದ ಮೂಲಕ ಪರಿಚಿತವಾದ ಸಂಗತಿಗಳು. ಅದರ ದಾಯಾದಿಯೊಂದು ಮಾತ್ರ ಅಷ್ಟು ಹೆಸರು ಮಾಡಲಿಲ್ಲ. ಕಡಲಕುದುರೆಯನ್ನು ತಲೆಯಿಂದ ಬಾಲದವರೆಗೆ ನೆಟ್ಟಗೆ ಎಳೆದರೆ ಹೇಗಿದ್ದೀತೋ ಹಾಗಿರುವ ಜೀವಿ ಅದು. ಹೆಸರು ಕೊಳವೆ ಮೀನು. ಎರಡೂ ಸಿಂಗ್ನಾತಿಡೆ ಎಂಬ ಒಂದೇ ಕುಟುಂಬಕ್ಕೆ ಸೇರಿವೆ. ಈ ಕುಟುಂಬದ ಸುಮಾರು 300 ಪ್ರಭೇದಗಳಲ್ಲಿ ಬಹುಪಾಲು ಕೊಳವೆ ಮೀನುಗಳೇ.

ಹವಳಗಳಿರುವ ಮನೆಯ ಅಕ್ವೇರಿಯಂನಲ್ಲಿ ಇತರ ಮೀನುಗಳ ಜೊತೆಗೆ ಕೊಳವೆ ಮೀನನ್ನು ಬದುಕಿಸುವುದು ಬಹುಕಾಲ ಕಠಿಣವಾಗಿಯೇ ಉಳಿದಿತ್ತು. ಕಾರಣ ಅದರ ಬಾಯಿ ಮತ್ತು ಹೊಟ್ಟೆಯಲ್ಲಿದೆ. ಉದ್ದನೆಯ ಮೂತಿಯ ತುದಿಯಲ್ಲಿ ಪುಟ್ಟ ಬಾಯಿ, ಅದರಲ್ಲಿ ಹಲ್ಲಿಲ್ಲ. ಆಹಾರದ ಹತ್ತಿರ ನಿಧಾನವಾಗಿ ಸರಿದು, ಕಣ್ಣು ಹೊರಳಿಸಿ ನೋಡಿ, ಕೊನೆಗೆ ಒಮ್ಮೆಗೇ ತಲೆ ಎತ್ತಿ ನೀರಿನೊಂದಿಗೆ ಹೀರಿಕೊಳ್ಳುತ್ತದೆ. ಹೀರುವ ಕ್ರಿಯೆ ಸೆಕೆಂಡಿನ ನೂರನೆಯ ಒಂದು ಭಾಗಕ್ಕಿಂತ ಬೇಗ ಮುಗಿಯುತ್ತದೆ. ಆದರೆ ಅದಕ್ಕೆ ಮುಂಚಿನ ಪರಿಶೀಲನೆಗೆ ಬಹಳ ಹೊತ್ತು ಬೇಕು! ಇದಲ್ಲದೆ ಈ ಮೀನಿಗೆ ಜಠರವೇ ಇಲ್ಲ. ತಿಂದದ್ದನ್ನು ಕೂಡಿಟ್ಟುಕೊಳ್ಳುವಂತಿಲ್ಲ, ದಿನವಿಡೀ ಚೂರುಚೂರಾಗಿ ತಿನ್ನುತ್ತಲೇ ಇರಬೇಕು. ಪಂಕ್ತಿಯಲ್ಲಿ ಬೇರೆಯವರು ಊಟ ಮುಗಿಸಿ ಏಳುವ ಹೊತ್ತಿಗೆ ಇದು ಇನ್ನೂ ಎಲೆ ನೋಡುತ್ತಿರುತ್ತದೆ.

ಈ ಮೀನನ್ನು ಮನುಷ್ಯ ಗಮನಿಸಿದ್ದು ಬಹಳ ಹಿಂದೆ. ಮರಿ ಹಾಕುವಾಗ ಇದರ ಹೊಟ್ಟೆ ಸೀಳಿ ಮೊಟ್ಟೆಗಳು ಹೊರಬರುತ್ತವೆ, ಆಮೇಲೆ ಗಾಯ ಮಾಯುತ್ತದೆ ಎಂದು ಅರಿಸ್ಟಾಟಲ್ ಬರೆದಿದ್ದಾನೆ. ಅವನು ಕಂಡ ಸೀಳು ಗಾಯವಲ್ಲ, ಮರಿಚೀಲದ ಬಾಯಿ. ಆ ಚೀಲ ಹೆಣ್ಣಿನದಲ್ಲ, ಗಂಡಿನದು ಎಂದು 1831ರಲ್ಲಿ ಸ್ವೀಡನ್ನಿನ ಏಕ್‌ಸ್ಟ್ರೋಮ್ ತೋರಿಸಿಕೊಡುವವರೆಗೆ ಎರಡು ಸಾವಿರ ವರ್ಷಗಳೇ ಕಳೆದುಹೋದವು. ನಮ್ಮ ದೇಶದ ಕೊಳವೆ ಮೀನುಗಳಿಗೆ ಮೊದಲು ವೈಜ್ಞಾನಿಕ ಹೆಸರಿಟ್ಟವರಲ್ಲಿ ಕನ್ನಡಿಗರಿಗೆ ಪರಿಚಿತನಾದ ಒಬ್ಬನಿದ್ದಾನೆ. ಟಿಪ್ಪುವಿನ ಪತನದ ನಂತರ, 1800-01ರಲ್ಲಿ, ಮೈಸೂರು ಮತ್ತು ಕನ್ನಡ ಜಿಲ್ಲೆಗಳಲ್ಲಿ ಸುತ್ತಾಡಿ ಬೆಳೆ, ಮಣ್ಣು, ಕಸುಬುಗಳನ್ನೆಲ್ಲ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್. ಮುಂದೆ ಹ್ಯಾಮಿಲ್ಟನ್ ಎಂದು ಹೆಸರು ಬದಲಿಸಿಕೊಂಡ ಈತ 1822ರಲ್ಲಿ ಪ್ರಕಟಿಸಿದ ಗಂಗಾನದಿಯ ಮೀನುಗಳ ಗ್ರಂಥದಲ್ಲಿ ಸಿಹಿನೀರು ಹಾಗೂ ಅಳಿವೆಗಳ ಕೊಳವೆ ಮೀನುಗಳ ವರ್ಣನೆಯಿದೆ.

ಇವರು ಬರೆದ ಕಾಲದಲ್ಲಿ ಸಮುದ್ರಜೀವಿಯನ್ನು ಮನೆಯಲ್ಲಿ ತಿಂಗಳುಗಟ್ಟಲೆ ಜೀವಂತ ಇರಿಸಿಕೊಳ್ಳುವ ಉಪಾಯ ಇನ್ನೂ ರೂಢಿಯಲ್ಲಿರಲಿಲ್ಲ. ಆ ಉಪಾಯವನ್ನು ಕಂಡುಕೊಂಡವರಲ್ಲಿ ಲಂಡನ್ನಿನ ಆನಾ ಥಿನ್ ಎಂಬ ಮಹಿಳೆ ಮೊದಲ ಸಾಲಿನಲ್ಲಿದ್ದಾರೆ. 1846ರಲ್ಲಿ ಟಾರ್ಕಿ ಎಂಬ ಕಡಲತೀರದ ಊರಿನಿಂದ ಆಕೆ ಜೀವಂತ ಹವಳಗಳನ್ನು ತಂದರು. ನೀರು ಕೆಡದಿರಲೆಂದು ಅದನ್ನು ತೆರೆದ ಕಿಟಕಿಯ ಮುಂದೆ ಪಾತ್ರೆಯಿಂದ ಪಾತ್ರೆಗೆ ಎತ್ತಿ ಸುರಿಯುವುದು ಮನೆಗೆಲಸದವಳ ದಿನನಿತ್ಯದ ಕೆಲಸವಾಯಿತು. ಕಾಫಿ ಆರಿಸುವಂತೆಯೇ ಅನ್ನಿ. ಗಾಳಿಯ ಆಮ್ಲಜನಕ ನೀರಿಗೆ ಬೆರೆಯಲು ಅಷ್ಟು ಸಾಕಾಗಿತ್ತು. ಮರುವರ್ಷ ಆಕೆ ಕಡಲಪಾಚಿಯನ್ನೂ ಸೇರಿಸಿದರು. 1850ರಲ್ಲಿ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ ಇದರ ಹಿಂದಿನ ತತ್ತ್ವವನ್ನು ವಿವರಿಸಿದರು. ಸಸ್ಯ ಆಮ್ಲಜನಕ ಕೊಡುತ್ತದೆ, ಮೀನು ಇಂಗಾಲದ ಡೈಆಕ್ಸೈಡ್ ಕೊಡುತ್ತದೆ, ಕೊಳೆತದ್ದನ್ನು ಬಸವನಹುಳು ತಿನ್ನುತ್ತದೆ. ಹೀಗೆ ತೊಟ್ಟಿಯಲ್ಲಿ ಸಮತೋಲ ಏರ್ಪಡುತ್ತದೆ. 1853ರಲ್ಲಿ ಲಂಡನ್ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮೀನುಮನೆ ತೆರೆಯಿತು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ ಅಕ್ವೇರಿಯಂ ಎಂಬ ಪದ ಮನೆಮಾತಾಯಿತು. ಕಡಲಿನಿಂದ ದೂರ ಇರುವವರಿಗಾಗಿ ಲವಣಗಳನ್ನು ಬೆರೆಸಿ ಸಮುದ್ರದ ನೀರು ತಯಾರಿಸುವ ವಿಧಾನವನ್ನೂ ಗಾಸ್ ಅದೇ ವರ್ಷ ಪ್ರಕಟಿಸಿದರು.

ಈ ಸಮತೋಲದ ಲೆಕ್ಕದಲ್ಲಿ ಉಸಿರಾಟಕ್ಕೆ ಸಿಕ್ಕ ಗಮನ ಊಟಕ್ಕೆ ಸಿಗಲಿಲ್ಲ. ಮಾಂಸದ ಚೂರು ಹಾಕಿದರೆ ತಿನ್ನುವ ಮೀನುಗಳಿಗೆ ಅದರಿಂದ ತೊಂದರೆಯಿರಲಿಲ್ಲ. ಅಲುಗಾಡುವ ಜೀವಂತ ಆಹಾರವನ್ನೇ ಹುಡುಕುವ ಕೊಳವೆ ಮೀನಿನ ಗತಿ? ಇದಕ್ಕೆ ಉತ್ತರ ಬಂದದ್ದು ಉಪ್ಪಿನ ಕೊಳಗಳಿಂದ. ಅಲ್ಲಿ ಬೆಳೆಯುವ ಆರ್ಟೀಮಿಯ ಎಂಬ ಪುಟ್ಟ ಸಿಗಡಿಯಂಥ ಜೀವಿಯ ಒಣ ಮೊಟ್ಟೆಗಳನ್ನು ಡಬ್ಬಿಯಲ್ಲಿ ವರ್ಷಗಟ್ಟಲೆ ಇಡಬಹುದು. ಉಪ್ಪುನೀರಿಗೆ ಹಾಕಿದರೆ ಒಂದು ದಿನದಲ್ಲಿ ಅರ್ಧ ಮಿಲಿಮೀಟರಿನಷ್ಟು ಉದ್ದದ ಮರಿಗಳು ಹೊರಬರುತ್ತವೆ. ಇದು ಮೀನುಗಳಿಗೆ ಒಳ್ಳೆಯ ಜೀವಂತ ಆಹಾರವೆಂದು 1933ರಲ್ಲಿ ಬರೆದವರು ಸ್ಯಾನ್ ಫ್ರಾನ್ಸಿಸ್ಕೊದ ಸ್ಟೈನ್‌ಹಾರ್ಟ್ ಅಕ್ವೇರಿಯಂನ ಆಲ್ವಿನ್ ಸೀಲ್. ಅದೇ ಸಂಸ್ಥೆಯ ಮುಖ್ಯಸ್ಥರಾದ ಅರ್ಲ್ ಹೆರಾಲ್ಡ್ ಮುಂದೆ ಕೊಳವೆ ಮೀನುಗಳ ವರ್ಗೀಕರಣದಲ್ಲಿ ದೊಡ್ಡ ಹೆಸರಾದರು. ಮರಿಚೀಲ ಮುಂಡದ ಕೆಳಗಿದೆಯೋ ಬಾಲದ ಕೆಳಗಿದೆಯೋ, ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನು ಹಿಡಿದು ಕೊಳವೆ ಮೀನಿನಿಂದ ಕಡಲಕುದುರೆಯವರೆಗಿನ ವಿಕಾಸದ ಹಾದಿಯನ್ನು 1959ರಲ್ಲಿ ಅವರು ವಿವರಿಸಿದರು. ಹೊಸದಾಗಿ ಹೊರಬಂದ ಆರ್ಟೀಮಿಯದಲ್ಲಿ ಸಮುದ್ರಮೀನಿಗೆ ಅಗತ್ಯವಾದ ಕೆಲವು ಕೊಬ್ಬಿನಾಮ್ಲಗಳು ಸಾಲವು ಎಂಬುದು ಆಮೇಲೆ ತಿಳಿಯಿತು. ಹೊಟ್ಟೆ ತುಂಬಿದ್ದರೂ ಮೀನು ಸೊರಗುತ್ತಿದ್ದುದಕ್ಕೆ ಇದೊಂದು ಕಾರಣ. ಈಗ ಆ ಮರಿಗಳಿಗೇ ಮೊದಲು ಎಣ್ಣೆಯಂಶದ ಪೋಷಕಗಳನ್ನು ತಿನ್ನಿಸಿ ನಂತರ ಮೀನಿಗೆ ಕೊಡುತ್ತಾರೆ.

ಇತ್ತ ಹವಳದ ತೊಟ್ಟಿಯ ಕಥೆ ಬೇರೆಯೇ ದಾರಿ ಹಿಡಿಯಿತು. 1961ರಲ್ಲಿ ಜಕಾರ್ತಾದ ಲೀ ಚಿನ್ ಎಂಗ್ ತಮ್ಮ ಸರಳ ಕ್ರಮವನ್ನು ಪ್ರಕಟಿಸಿದರು. ಸಮುದ್ರದಿಂದ ತಂದ ಜೀವಭರಿತ ಕಲ್ಲು, ಮರಳು, ಸ್ವಚ್ಛ ನೀರು, ಗಾಳಿಯ ಗುಳ್ಳೆ ಇವಿಷ್ಟೇ ಸಾಕು. ಕಲ್ಲಿನ ರಂಧ್ರಗಳಲ್ಲಿನ ಬ್ಯಾಕ್ಟೀರಿಯಾ ಮೀನಿನ ವಿಸರ್ಜನೆಯ ಅಮೋನಿಯವನ್ನು ನಿಭಾಯಿಸುತ್ತಿದ್ದವು. ಕಲ್ಲಿನ ಸಂದುಗಳಲ್ಲಿ ಕೋಪಿಪಾಡ್‌ನಂಥ ಸೂಕ್ಷ್ಮ ಕಠಿಣಚರ್ಮಿಗಳೂ ಬೆಳೆಯುತ್ತಿದ್ದವು. ಕೊಳವೆ ಮೀನಿಗೆ ಇದಕ್ಕಿಂತ ಒಳ್ಳೆಯ ಉಗ್ರಾಣವಿಲ್ಲ.

ನಂತರ ಜರ್ಮನಿಯಲ್ಲಿ ಈ ಕಲ್ಲಿನ ಜೊತೆಗೆ ಪ್ರಖರ ದೀಪ, ನೊರೆಯೆಬ್ಬಿಸಿ ಕಲ್ಮಶ ತೆಗೆಯುವ ಸಾಧನ ಹಾಗೂ ಸುಣ್ಣದ ನೀರನ್ನು ಬಳಸುವ ಬರ್ಲಿನ್ ಪದ್ಧತಿ ರೂಪುಗೊಂಡಿತು. ಅಮೆರಿಕದಲ್ಲಿ 1986ರಿಂದ ಜಾರ್ಜ್ ಸ್ಮಿಟ್‌ರ ಲೇಖನಗಳು ಮನೆಮನೆಯ ಪುಟ್ಟ ಹವಳದಿಬ್ಬದ ಗೀಳನ್ನೇ ಹಬ್ಬಿಸಿದವು. ಗಟ್ಟಿ ಹವಳಗಳು ಬೆಳೆಯತೊಡಗಿದವು. ಅದು ದೊಡ್ಡ ಸಾಧನೆಯೇ. ವಿಪರ್ಯಾಸವೆಂದರೆ ಹವಳಕ್ಕೆ ಅನುಕೂಲವಾದದ್ದು ಕೊಳವೆ ಮೀನಿಗೆ ಪ್ರತಿಕೂಲವಾಯಿತು. ಜೋರಾದ ಪಂಪಿನ ಸೆಳವು ಈ ದುರ್ಬಲ ಈಜುಗಾರನಿಗೆ ಆಗದು. ನೀರನ್ನು ಸೋಸುವ ಸಾಧನ ತೇಲುವ ಆಹಾರವನ್ನೂ ಸೋಸಿಬಿಡುತ್ತದೆ. ಚುಚ್ಚುವ ಉದ್ದ ಗ್ರಾಹಕಗಳಿರುವ ಹವಳಗಳು, ಸೀ ಅನಿಮೋನ್‌ಗಳು ಪಕ್ಕದಲ್ಲೇ ಇದ್ದರೆ ಪ್ರಾಣಕ್ಕೇ ಸಂಚಕಾರ.

ಬಿಡಿಸುವ ದಾರಿಯೊಂದು ವಸ್ತುಸಂಗ್ರಹಾಲಯದಿಂದ ಬಂತು. ವಾಷಿಂಗ್‌ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿ ವಾಲ್ಟರ್ ಏಡಿ ಹವಳದಿಬ್ಬದ ಮಾದರಿಯನ್ನು ರಚಿಸುವಾಗ ನೀರನ್ನು ಪಾಚಿಯಿಂದಲೇ ಶುದ್ಧಗೊಳಿಸಿದರು. ಮೀನುಗಳ ಬಾಯಿಗೆ ಸಿಗದಂತೆ ಸೂಕ್ಷ್ಮಜೀವಿಗಳು ಬೆಳೆಯಲು ಪ್ರತ್ಯೇಕ ಆಸರೆ ತೊಟ್ಟಿಯ ಕಲ್ಪನೆಯೂ ಅವರ ಕೆಲಸದಿಂದಲೇ ಹವ್ಯಾಸಿಗಳಿಗೆ ತಲುಪಿತು. ಪಕ್ಕದ ಆ ತೊಟ್ಟಿಯಿಂದ ಕೋಪಿಪಾಡ್‌ಗಳು ನೀರಿನೊಂದಿಗೆ ಮುಖ್ಯ ತೊಟ್ಟಿಗೆ ಹರಿದು ಬರುತ್ತಿರುತ್ತವೆ. ನಿಧಾನವಾಗಿ ಉಣ್ಣುವವನಿಗೂ ದಿನವಿಡೀ ಊಟ!

ಉಳಿದದ್ದು ನೆರೆಹೊರೆಯ ಪ್ರಶ್ನೆ. ಜಗಳಗಂಟ ಡ್ಯಾಮ್ಸೆಲ್, ಚುರುಕಿನ ರ‍್ಯಾಸ್, ಕಚ್ಚುವ ಟ್ರಿಗರ್ ಮೀನುಗಳ ಜೊತೆ ಕೊಳವೆ ಮೀನು ಬಾಳದು. ಬಲವಾದ ಕೊಂಡಿಯ ಏಡಿಗಳೂ ಸಲ್ಲ. ಸಣ್ಣ ಗೋಬಿ, ಬಸವನಹುಳುಗಳು ನಿರುಪದ್ರವಿಗಳು. ಮ್ಯಾಂಡರಿನ್ ಮೀನು ಸ್ವಭಾವದಲ್ಲಿ ಸೌಮ್ಯ. ಆದರೆ ಅದೂ ಕೋಪಿಪಾಡ್‌ಗಳನ್ನೇ ತಿನ್ನುವುದರಿಂದ ಸಣ್ಣ ತೊಟ್ಟಿಯಲ್ಲಿ ಎರಡೂ ಉಪವಾಸ ಬೀಳಬಹುದು. ಜಗಳವಾಡದಿದ್ದರೆ ಹೊಂದಿಕೊಂಡಂತೆ ಎಂದು ತಿಳಿಯುವವರು ಎಡವುವುದು ಇಲ್ಲೇ. ಕೊಳವೆ ಮೀನುಗಳೆಲ್ಲ ಒಂದೇ ಬಗೆಯವೂ ಅಲ್ಲ. 1853ರಲ್ಲಿ ಬ್ಲೀಕರ್ ವರ್ಣಿಸಿದ ಪಟ್ಟೆಪಟ್ಟೆಯ ಡಂಕರೊಕ್ಯಾಂಪಸ್ ಡ್ಯಾಕ್ಟಿಲಿಯೊಫೋರಸ್ ಗುಹೆಗಳ ನೆರಳಿನಲ್ಲಿ ಈಜುತ್ತದೆ. ನೀಲಿಪಟ್ಟೆಯ ಡೊರಿರ‍್ಯಾಂಫಸ್‌ನ ಗಂಡುಗಳು ಪರಸ್ಪರ ಕಾದಾಡುವುದರಿಂದ ಅವನ್ನು ಜೋಡಿಯಾಗಿ ಇಡಬೇಕು. ಕೊರಿತೊಯ್ಕ್ತಿಸ್ ಹಾವಿನಂತೆ ಕಲ್ಲುಮರಳಿನ ಮೇಲೆ ತೆವಳುತ್ತದೆ.

ತೊಟ್ಟಿಯಲ್ಲಿ ಬದುಕಿಸಲು ಕಲಿತದ್ದರಿಂದ ವಿಜ್ಞಾನಕ್ಕೂ ಲಾಭವಾಯಿತು. 1980ರ ದಶಕದಿಂದ ಸ್ವೀಡನ್ನಿನಲ್ಲಿ ಆಂಡರ್ಸ್ ಬರ್ಗ್‌ಲುಂಡ್ ಮತ್ತು ಗುನಿಲ್ಲಾ ರೋಸೆನ್‌ಕ್ವಿಸ್ಟ್ ನಡೆಸಿದ ಅಧ್ಯಯನಗಳಲ್ಲಿ ಗಂಡುಗಳಿಗಾಗಿ ಹೆಣ್ಣುಗಳೇ ಸ್ಪರ್ಧಿಸುವುದು ಕಂಡುಬಂತು. 2010ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಮರಿಚೀಲದ ಬಗ್ಗೆ ಅನಿರೀಕ್ಷಿತ ಸಂಗತಿಗಳನ್ನು ಹೊರಗೆಡಹಿದವು. ಗಂಡು ಕೆಲವು ಭ್ರೂಣಗಳ ಪೋಷಕಾಂಶವನ್ನು ತಾನೇ ಹೀರಿಕೊಳ್ಳುತ್ತದೆ. ಮೆಚ್ಚಿಗೆಯಾಗದ ಹೆಣ್ಣಿನ ಮರಿಗಳು ಅದರ ಚೀಲದಲ್ಲಿ ಕಡಿಮೆ ಬದುಕುತ್ತವೆ. ತಂದೆಯ ತ್ಯಾಗದ ಉದಾಹರಣೆಯಾಗಿ ಇವನ್ನು ಹೊಗಳುವವರು ಇದನ್ನೂ ಗಮನಿಸಬೇಕು.

ಕೆಲವು ಪ್ರಭೇದಗಳನ್ನು ತೊಟ್ಟಿಗಳಲ್ಲೇ ಮರಿಮಾಡಿಸಲು ಸಾಧ್ಯವಾಗಿದೆ. ಹಾಗೆ ಹುಟ್ಟಿದವು ಶೀತಲೀಕೃತ ಆಹಾರಕ್ಕೂ ಒಗ್ಗುತ್ತವೆ. ಕಡಲಿನಿಂದ ಹಿಡಿದು ತಂದವು ಹಲವು ದಿನ ಹಸಿದು ಅಂಗಡಿ ತಲುಪುತ್ತವೆ. ಎಷ್ಟೋ ಸಲ ಚೇತರಿಸಿಕೊಳ್ಳುವುದಿಲ್ಲ. ನಮ್ಮಲ್ಲಿ ಇದು ಕಾನೂನಿನ ಪ್ರಶ್ನೆಯೂ ಹೌದು. 2001ರ ಜುಲೈನಲ್ಲಿ ಭಾರತ ಸರ್ಕಾರವು ಕಡಲಕುದುರೆಯಷ್ಟೇ ಅಲ್ಲದೆ ಇಡೀ ಸಿಂಗ್ನಾತಿಡೆ ಕುಟುಂಬವನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಗೆ ಸೇರಿಸಿತು. ಗಟ್ಟಿ ಹವಳಗಳನ್ನೂ ಕಡಲ ಬೀಸಣಿಗೆಗಳನ್ನೂ ಅದೇ ವರ್ಷ ಸೇರಿಸಲಾಯಿತು. ಕರಾವಳಿಯ ಅಳಿವೆಯಲ್ಲಿ ಬಲೆಗೆ ಬಿದ್ದ ಕೊಳವೆ ಮೀನನ್ನು ಮನೆಗೆ ತರುವಂತಿಲ್ಲ. ಇನ್ನೂ ಮಿಸುಕಾಡುತ್ತಿದ್ದರೆ, ಸಿಕ್ಕ ಜಾಗದಲ್ಲೇ ನೀರಿಗೆ ಬಿಟ್ಟುಬಿಡಬೇಕು.