ಕೋಟೆಯ ಕಿಂಡಿ, ಮನೆಯ ರೌಟರ್

ಹಬ್ಬಕ್ಕೆ ಹೊಳಲ್ಕೆರೆಗೆ ಹೋದಾಗ ಅವ್ವನದೊಂದು ದೂರು. "ಹೊಸದುರ್ಗದಿಂದ ನಿಮ್ಮಕ್ಕನ ಮೆಸೇಜು ಬರ್ತವೆ, ಕಾಲ್ ಮಾಡಿದ್ರೆ ಕನೆಕ್ಟಿಂಗ್ ಅಂತ ನಿಂತ್ಬಿಡ್ತೈತೆ. ನಾನೇ ಏನೋ ಒತ್ತಿ ಕೆಡಿಸಿದ್ನೇನೋ."

ಕೆಡಿಸಿದ್ದು ಅವ್ವ ಅಲ್ಲ. ಅದರ ಬೇರು ನಲವತ್ತು ವರ್ಷ ಹಿಂದಿದೆ. 1983ರ ಜನವರಿ 1ರಂದು ಅಮೆರಿಕದ ಅರ್ಪಾನೆಟ್ ಇಂದಿನ ಐಪಿ ಪದ್ಧತಿಗೆ ಬದಲಾಯಿತು. 32 ಬಿಟ್‌ಗಳ ಆ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಮುಗಿಯದ ಕಣಜವೆನಿಸಿದ್ದು ಹತ್ತೇ ವರ್ಷದಲ್ಲಿ ಬರಿದಾಗುವ ಭಯ ಹುಟ್ಟಿಸಿತು. 1994ರಲ್ಲಿ ಎಗೆವಾಂಗ್ ಮತ್ತು ಫ್ರಾನ್ಸಿಸ್ 'ನ್ಯಾಟ್' ಎಂಬ ಉಪಾಯವನ್ನು ಮುಂದಿಟ್ಟರು: ಒಳಗಿನ ಯಂತ್ರಗಳಿಗೆ ಖಾಸಗಿ ವಿಳಾಸ, ಹೊರಜಗತ್ತಿಗೆ ಒಂದೇ ವಿಳಾಸ. ತಾತ್ಕಾಲಿಕವೆಂದು ಬಂದದ್ದು ಮನೆಮನೆಯ ರೌಟರಿನಲ್ಲಿ ಕಾಯಂ ಆಯಿತು. ವಿಎಸ್‌ಎನ್‌ಎಲ್ ನಮ್ಮ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ನಾವು ಪಂಕ್ತಿಗೆ ಕೂತಾಗಲೇ ಅಳೆದು ಬಡಿಸುವ ಮಾತು ಶುರುವಾಗಿತ್ತು. 2011ರ ಫೆಬ್ರವರಿ 3ರಂದು ಜಾಗತಿಕ ದಾಸ್ತಾನು ಪೂರ್ತಿ ಹಂಚಿಹೋಯಿತು.

ನ್ಯಾಟ್ ಚಿತ್ರದುರ್ಗದ ಕೋಟೆಯಿದ್ದಂತೆ. ಒಳಗಿನವರು ಹೊರಟರೆ ಬಾಗಿಲು ತೆರೆಯುತ್ತದೆ, ಅವರಿಗೆ ಬಂದ ಉತ್ತರವನ್ನೂ ಬಿಡುತ್ತದೆ. ಕರೆಯದೆ ಬಂದವರಿಗೆ ಪ್ರವೇಶವಿಲ್ಲ. ಮೆಸೇಜು ನಮ್ಮ ಫೋನೇ ಸರ್ವರ್‌ಗೆ ಹೋಗಿ ತರುವಂಥದ್ದು. ಕರೆ ಹಾಗಲ್ಲ, ಎರಡು ಫೋನುಗಳು ನೇರವಾಗಿ ಮಾತಾಡಲು ನೋಡುತ್ತವೆ. ಎರಡೂ ಕೋಟೆಯೊಳಗಿದ್ದರೆ ನಡುವಿನ ಸರ್ವರ್ ಸುತ್ತಿ ಬರಬೇಕು. ಅದೂ ಕೈಕೊಟ್ಟರೆ ಮಾತಿಲ್ಲ.

ಹಿರಿಯೂರಿನ ಗೆಳೆಯ, "ರೌಟರಿನಲ್ಲಿ ಯುಪಿಎನ್‌ಪಿ ಆನ್ ಮಾಡೋ, ಪೋರ್ಟ್ ತಾನೇ ತೆರಕೊಳ್ತೈತೆ" ಎಂದ. ಕೇಳದೆಯೇ ಕಿಂಡಿ ಕೊರೆಯುವ ಸೌಕರ್ಯ ಅದು. ಕಿಂಡಿಯಲ್ಲಿ ಯಾರು ನುಸುಳಬಹುದೆಂದು ಓಬವ್ವನ ನಾಡಿನವರಿಗೆ ಹೇಳಿಕೊಡಬೇಕಿಲ್ಲ. ಮೊದಲು ರೌಟರಿನ ಪುಟ ತೆರೆದು ಹೊರಗಿನ ವಿಳಾಸ ನೋಡಿದೆ. 100.72 ಎಂದು ಶುರುವಾಗಿತ್ತು. 100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರಲ್ಲಿ ಸೇವೆ ಕೊಡುವ ಕಂಪನಿಗಳ ಒಳಬಳಕೆಗೆಂದೇ ಮೀಸಲಿಟ್ಟರು. ಅಂದರೆ ನಮ್ಮ ಕೋಟೆಯಾಚೆ ಕಂಪನಿಯದು ಇನ್ನೊಂದು ಸುತ್ತು. ಮನೆಯಲ್ಲಿ ಎಷ್ಟು ಕಿಂಡಿ ಕೊರೆದರೂ ಆ ಗೋಡೆ ಹಾಗೇ ಇರುತ್ತದೆ.

ಕಂಪನಿಗೆ ಫೋನ್ ಮಾಡಿ ಐಪಿವಿ6 ಕೇಳಿದೆ. ವಿಳಾಸದ ಬರವೇ ಇಲ್ಲದ ಆ 128 ಬಿಟ್ ಪದ್ಧತಿ 1995ರಲ್ಲೇ ಸಿದ್ಧವಾಗಿತ್ತು. ಮೂರು ದಿನ ಅಲೆದಾಡಿಸಿ ಕೊಟ್ಟರು. ಅಕ್ಕನ ಮೊಬೈಲಿನಲ್ಲಿ ಅದು ಆಗಲೇ ಇತ್ತು, ಕರೆ ಹತ್ತಿತು.

ಮಾತು ಮುಗಿಸಿದ ಅವ್ವ ಕೇಳಿದಳು: "ಹಂಗಾರೆ ನಾನು ಕೆಡಿಸಿರಲಿಲ್ಲ?"

ಇಲ್ಲವ್ವ. ದೂರದಲ್ಲಿ ಯಾರೋ ತಾತ್ಕಾಲಿಕವೆಂದು ಮಾಡಿದ ಏರ್ಪಾಟಿನ ತಪ್ಪನ್ನು ನಿನ್ನಂಥವರು ಇಷ್ಟು ದಿನ ತಲೆ ಮೇಲೆ ಹೊತ್ತಿದ್ದೀರಿ.